ಬೆಲೆ ಇಳಿಯದೆ ಪಿಇ ಇಳಿದಿತ್ತು

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಷೇರು ದಲ್ಲಾಳಿ ಕಚೇರಿಯೊಂದರಲ್ಲಿ ನಾನು ಡೀಲರ್. ಸಲಹೆ ಕೊಡುವುದು ನಮ್ಮ ಕೆಲಸವಲ್ಲ ಎಂಬ ಬೋರ್ಡು ನನ್ನ ತಲೆಯ ಮೇಲೆಯೇ ನೇತಾಡುತ್ತದೆ. ತಿಂಗಳ ಕೊನೆಗೆ ಬ್ರೋಕರೇಜ್ ಟಾರ್ಗೆಟ್ ಮುಟ್ಟದಿದ್ದರೆ ಮ್ಯಾನೇಜರರಿಗೂ ಅದು ಕಾಣುವುದಿಲ್ಲ.

ಅಂಥದೇ ಒಂದು ಫೆಬ್ರವರಿ ಕೊನೆ. ಕಾಫಿ ಮಾರಿದ ದುಡ್ಡನ್ನು ಎಲ್ಲಿ ಹಾಕಲಿ ಎನ್ನುತ್ತ ಆಲ್ದೂರು ಕಡೆಯ ಗೌಡರೊಬ್ಬರು ಬಂದು ಕುಳಿತರು. ನಾನು ಕಂಪನಿಯೊಂದರ ಪಿಇ ಚಾರ್ಟ್ ತೆರೆದೆ; ಷೇರಿನ ಬೆಲೆ ಅದರ ವರ್ಷದ ಗಳಿಕೆಯ ಎಷ್ಟು ಪಟ್ಟು ಎಂಬ ಲೆಕ್ಕವೇ ಪಿಇ. "ಹತ್ತು ವರ್ಷದ ಸರಾಸರಿ 21, ಈಗ 9. ಇಷ್ಟು ಅಗ್ಗಕ್ಕೆ ಎಂದೂ ಸಿಕ್ಕಿಲ್ಲ ಗೌಡರೇ." 270 ರೂಪಾಯಿಯ ಷೇರು; ಎರಡು ಸಾವಿರ ಷೇರು ತೆಗೆದುಕೊ ಎಂದರು. 3 ಗಂಟೆ 10 ನಿಮಿಷ. ಇದಕ್ಕಿಂತ ಹೆಚ್ಚಿನ ಬೆಲೆಗೆ ಬೇಡ ಎಂಬ ಲಿಮಿಟ್ ಆರ್ಡರ್ ಹಾಕಿದೆ. ಸಾವಿರ ಸಿಕ್ಕಿತು, ಉಳಿದದ್ದು ಪೆಂಡಿಂಗ್.

ಗೌಡರು ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲೆ ಬೆರಳಿಟ್ಟರು. "ಏನಪ್ಪಾ, ಬೆಲೆಯ ಗೆರೆ ನೆಟ್ಟಗಿದೆ. ಈ ಇನ್ನೊಂದು ಗೆರೆ ಮಾತ್ರ ಇಲ್ಲಿ ಬಾವಿಗೆ ಬಿದ್ದಿದೆಯಲ್ಲ, ಯಾಕೆ?"

ಆ ಬಾವಿ ನವೆಂಬರಿನಲ್ಲಿತ್ತು, ಸೆಪ್ಟೆಂಬರ್ ತ್ರೈಮಾಸಿಕದ ಫಲಿತಾಂಶ ಬಂದ ದಿನ. ಫಲಿತಾಂಶದ ಪಿಡಿಎಫ್ ತೆರೆದೆ. ನಮ್ಮ ಇಂಟರ್‌ನೆಟ್ಟಿಗೆ ಅವಸರವೆಂಬುದೇ ಗೊತ್ತಿಲ್ಲ; ಚಕ್ರ ತಿರುಗುತ್ತಲೇ ಇತ್ತು, ಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೂ ತೆರೆದುಕೊಂಡಾಗ ಕೆಳಗಿನ ಸಾಲೊಂದರಲ್ಲಿ ಎಕ್ಸೆಪ್ಶನಲ್ ಐಟಂ, ಅಂದರೆ ಒಂದು ಸಲದ ಬಾಬತ್ತು: ಹಳೆಯ ಕಾರ್ಖಾನೆಯ ಜಾಗ ಮಾರಿದ ಲಾಭ. ನಾಲ್ಕು ತ್ರೈಮಾಸಿಕ ಸೇರಿ ಇಪಿಎಸ್ (ಒಂದು ಷೇರಿನ ಪಾಲಿಗೆ ಬರುವ ಗಳಿಕೆ) 30 ರೂಪಾಯಿ, ಅದರಲ್ಲಿ ಜಾಗದ್ದೇ 18. ಉಳಿದ 12ರಿಂದ 270ನ್ನು ಭಾಗಿಸಿದರೆ 22.5. ಅಗ್ಗವಿರಲಿ, ಸರಾಸರಿಗಿಂತ ತುಟ್ಟಿ.

"ಸಿಲ್ವರ್ ಓಕ್ ಕಡಿದು ಮಾರಿದ ವರ್ಷದ ಲೆಕ್ಕ ತೋರಿಸಿ ತೋಟ ಮಾರಲು ಬಂದರೆ ನಾನು ಕೊಳ್ಳುತ್ತೇನೇನಪ್ಪಾ?" ಎಂದರು. ಬಾಯಿ ಮುಚ್ಚಿಕೊಂಡು ಪೆಂಡಿಂಗ್ ಆರ್ಡರ್ ರದ್ದು ಮಾಡಿದೆ. ಬಂದ ಸಾವಿರ ಷೇರು ಬಂದದ್ದೇ.

ನಾಚಿಕೆಯೆಂದರೆ ಈ ಪಾಠ ನನಗೆ ಹೊಸದಲ್ಲ. 2021ರ ಮಾರ್ಚ್ ಕೊನೆಗೆ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ತನ್ನ 50 ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿಯ ಪಿಇಗೆ ಸ್ಟ್ಯಾಂಡ್‌ಅಲೋನ್ (ಮೂಲ ಕಂಪನಿಯದಷ್ಟೇ) ಗಳಿಕೆ ಬಿಟ್ಟು ಕನ್ಸಾಲಿಡೇಟೆಡ್ (ಅಂಗಸಂಸ್ಥೆಗಳದ್ದೂ ಸೇರಿದ) ಗಳಿಕೆ ಹಿಡಿದಾಗ ಅದು ಸುಮಾರು 40ರಿಂದ 33ಕ್ಕೆ ಒಂದೇ ದಿನದಲ್ಲಿ ಇಳಿಯಿತು. ಮಾರುಕಟ್ಟೆ ಅಗ್ಗವಾಗಿಲ್ಲ, ಭಾಜಕ ಬದಲಾಗಿದೆ ಎಂದು ಫೋನ್ ಮಾಡಿದವರಿಗೆಲ್ಲ ಬಿಡಿಸಿ ಹೇಳಿದವನು ನಾನೇ. ಈಗ ಪಿಇ ಚಾರ್ಟಿನ ಜೊತೆಗೆ ಇಪಿಎಸ್ ಗೆರೆಯನ್ನೂ ತೆರೆಯದೆ ಮಾತನಾಡುವುದಿಲ್ಲ. ಒಂದು ಸಲದ ಲಾಭವನ್ನು ಬಿಟ್ಟು ಪಿಇ ತೋರಿಸುವ ವ್ಯವಸ್ಥೆ ನಮ್ಮ ತಂತ್ರಾಂಶದಲ್ಲಿ ಬೇಕೆಂದು ಮುಖ್ಯ ಕಚೇರಿಗೆ ಬರೆದೆ. ದೂರು ಪರಿಹರಿಸಲಾಗಿದೆ ಎಂದು ಉತ್ತರ ಬಂತು. ಏನೂ ಬದಲಾಗಿಲ್ಲ.

ಮುಂದಿನ ನವೆಂಬರಿಗೆ ಜಾಗದ ಲಾಭ ಲೆಕ್ಕದಿಂದ ಹೊರಬಿತ್ತು. ಷೇರು 255ರಲ್ಲಿ ತೂಕಡಿಸುತ್ತಿತ್ತು, ಪಿಇ ಮಾತ್ರ 21ಕ್ಕೆ ಹಾರಿತು. ಗೌಡರು ಆ ಸಾವಿರವನ್ನು ಇನ್ನೂ ಮಾರಿಲ್ಲ. ನಾನು ಯಾವ ಕಂಪನಿಯ ಹೆಸರೆತ್ತಿದರೂ ಅವರ ಮೊದಲ ಪ್ರಶ್ನೆ ಒಂದೇ: "ಇದರಲ್ಲಿ ಮರದ ದುಡ್ಡು ಎಷ್ಟಪ್ಪಾ?"