ಬಾದಾಮಿಯ ಕೆಂಪು, ಫೋನಿನ ಕಿತ್ತಳೆ

ನನ್ನ ಹಳೇ ಫೋನು ನಾಲ್ಕು ವರ್ಷ ದುಡಿದು ಸುಸ್ತಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಟರಿ ಖಾಲಿ. ಕೊನೆಗೆ ಮೂವತ್ತು ಸಾವಿರದ ಆಸುಪಾಸಿನ ಒಂದು ಹೊಸ ಫೋನ್ ತಗೊಂಡೆ. ಜಾಹೀರಾತಿನ ತುಂಬ ಬರೀ ಕ್ಯಾಮೆರಾದ್ದೇ ಮಾತು. ಕಂಪನಿ ಹೆಸರು ಬೇಡ ಬಿಡಿ, ಆ ಬೆಲೆಗೆ ಸಿಗುವವೆಲ್ಲ ಹೆಚ್ಚುಕಮ್ಮಿ ಅಣ್ಣತಮ್ಮಂದಿರೇ. 50 ಮೆಗಾಪಿಕ್ಸೆಲ್‌ನ ಮುಖ್ಯ ಕ್ಯಾಮೆರಾ, ಕೈ ನಡುಗಿದರೂ ಚಿತ್ರ ಅಲುಗದ ಹಾಗೆ ಓಐಎಸ್, ಮೂರು ಪಟ್ಟು ಹತ್ತಿರ ತರುವ ಜೂಮ್ ಲೆನ್ಸ್, 8 ಮೆಗಾಪಿಕ್ಸೆಲ್‌ನ ಅಗಲ ಲೆನ್ಸ್, 5000 ಎಂಎಎಚ್ ಬ್ಯಾಟರಿ. ಅಂಗಡಿಯಲ್ಲಿ ನಿಂತು ಹೂಕುಂಡದ ಫೋಟೊ ತೆಗೆದರೆ ಯಾವ ಫೋನಾದರೂ ಚೆಂದವೇ. ಊರೂರು ತಿರುಗಿದಾಗ ಗೊತ್ತಾಗೋದು ಅದರ ಬಂಡವಾಳ.

ಗುಳೇದಗುಡ್ಡದಲ್ಲಿ ನಮ್ಮ ಕಾಕಾ, ಕಾಕು ಇದ್ದಾರೆ. ಮನೆಯಲ್ಲೇ ಕೈಮಗ್ಗ, ಖಣ ನೇಯುತ್ತಾರೆ. ಅವರನ್ನು ನೋಡಿ ಎರಡು ವರ್ಷವಾಗಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲೇ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಹೋಗೋಣ ಅಂತ ಫೆಬ್ರವರಿಯ ಒಂದು ಸಂಜೆ ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಹಳೇ ಫೋನನ್ನೂ ಬ್ಯಾಗಿಗೆ ಹಾಕಿಕೊಂಡೆ. ಜೊತೆಗಿಟ್ಟು ನೋಡದೆ ಹೊಸದರ ಯೋಗ್ಯತೆ ತಿಳಿಯೋದಿಲ್ಲ ಅಲ್ವಾ?

ಬಾದಾಮಿ ಸ್ಟೇಷನ್ನಿಂದ ಊರು ಐದು ಕಿಲೋಮೀಟರ್. ಬೆಳಗಿನ ಚಳಿಗೆ ಆಟೋದಲ್ಲಿ ಕೈ ಮುದುಡಿಕೊಂಡು ಕೂತಿದ್ದೆ. ಜೇಬಿನಲ್ಲಿದ್ದ ಫೋನಿನ ಬೆನ್ನ ಮೇಲಿನ ಕ್ಯಾಮೆರಾ ಗುಡ್ಡೆ ತೊಡೆಗೆ ಒತ್ತುತ್ತಿತ್ತು. ಕ್ಯಾಮೆರಾ ದೊಡ್ಡದಾದಷ್ಟೂ ಈ ಗುಡ್ಡೆಯೂ ದೊಡ್ಡದು. ಮೇಜಿನ ಮೇಲಿಟ್ಟು ಮೆಸೇಜ್ ಬರೆಯಲು ಹೋದರೆ ಕಾಲು ಮುರಿದ ಸ್ಟೂಲಿನ ಹಾಗೆ ಟಕಟಕ ಅಲುಗುತ್ತದೆ. ಇದನ್ನು ಯಾವ ಜಾಹೀರಾತೂ ಹೇಳೋದಿಲ್ಲ.

ಗುಹೆಗಳ ಮೆಟ್ಟಿಲ ಬುಡದಲ್ಲಿ ಟಿಕೆಟ್ ತಗೊಳ್ಳುವಾಗಲೇ ಅಲ್ಲಿದ್ದವರೊಬ್ಬರು ಎಚ್ಚರಿಸಿದರು: "ಫೋನ್ ಗಟ್ಟಿ ಹಿಡ್ಕೋರಿ ಸರ, ಮಂಗ್ಯಾ ಅದಾವು." ಅವು ಇದ್ದೇ ಇದ್ದವು. ನನ್ನ ಕೈಲಿದ್ದ ಬಾಳೆಹಣ್ಣು ಹೋಯಿತು, ಫೋನು ಉಳಿಯಿತು.

ಮೊದಲನೇ ಗುಹೆಯ ಹೊರಗೇ ಹದಿನೆಂಟು ಕೈಯ ನಟರಾಜ. ಹೊಸ ಫೋನಿನಲ್ಲಿ ಒಂದು ಫೋಟೊ, ಹಳೇದರಲ್ಲಿ ಒಂದು. ಸ್ಕ್ರೀನಿನಲ್ಲಿ ನೋಡಿದ ಕೂಡಲೇ ಹೊಸದು ಗೆದ್ದ ಹಾಗಿತ್ತು. ಬೆರಳುಗಳು, ಮುಡಿ, ಕಾಲಿನ ಬಳಿಯ ನಂದಿ, ಎಲ್ಲ ಗೆರೆ ಎಳೆದ ಹಾಗೆ ಸ್ಪಷ್ಟ. ಆಮೇಲೆ ಕಣ್ಣೆತ್ತಿ ಕಲ್ಲನ್ನೇ ನೋಡಿದೆ. ಬಾದಾಮಿಯ ಕಲ್ಲು ಸುಟ್ಟ ಇಟ್ಟಿಗೆಯ ಕೆಂಪು. ಒಳಗೆಲ್ಲೋ ಸ್ವಲ್ಪ ನೇರಳೆ, ಅಲ್ಲಲ್ಲಿ ಮಳೆ ನೀರು ಇಳಿದ ಕಪ್ಪು. ಹೊಸ ಫೋನಿನಲ್ಲಿ ಅದು ಕಿತ್ತಳೆಯಾಗಿತ್ತು. ಜಾತ್ರೆಯ ಜಿಲೇಬಿ ಇದ್ದ ಹಾಗೆ. ಹಳೇದರ ಫೋಟೊ ಮಂಕಾಗಿತ್ತು, ಆದರೆ ಕಲ್ಲು ಕಲ್ಲಾಗಿಯೇ ಇತ್ತು.

ಮೂರನೇ ಗುಹೆ ಇವುಗಳಲ್ಲಿ ದೊಡ್ಡದು. ಕ್ರಿ.ಶ. 578ರ ಶಾಸನ ಇರುವುದರಿಂದ ಇದರ ಕಾಲವೂ ಖಚಿತ. ಚಾಲುಕ್ಯರ ದೊರೆ ಕೀರ್ತಿವರ್ಮ ಆಳುತ್ತಿದ್ದಾಗ ಅವನ ತಮ್ಮ ಮಂಗಳೇಶ ಮಾಡಿಸಿದ್ದು. ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ. ಹಾಗಾಗಿ ಒಳಗೆ ನೇರ ಬಿಸಿಲು ಬರೋದು ಕಡಿಮೆ, ಹೊರಗೆ ಅಗಸ್ತ್ಯ ತೀರ್ಥದ ಕೆರೆಯ ನೀರು ಕಣ್ಣು ಕುಕ್ಕುತ್ತದೆ. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೇ ಪರೀಕ್ಷೆ ಬೇಕಿಲ್ಲ. ಕಂಬಗಳ ನಡುವೆ ನಿಂತು ಕೆರೆಯ ಕಡೆ ತೆಗೆದೆ. ಹಳೇ ಫೋನಿನಲ್ಲಿ ಕೆರೆ ಬಂದರೆ ಕಂಬ ಕಪ್ಪು, ಕಂಬ ಬಂದರೆ ಕೆರೆ ಬೆಳ್ಳಗೆ. ಹೊಸದು ಒಂದೇ ಒತ್ತಿಗೆ ಸಾಲಾಗಿ ಹಲವು ಫೋಟೊ ತೆಗೆದು ಬೆರೆಸುತ್ತದೆ. ಕಂಬದ ಕೆತ್ತನೆಯೂ ಉಳಿಯಿತು, ನೀರಿನಾಚೆಯ ಗುಡ್ಡವೂ ಉಳಿಯಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸಿದ್ದು ಅಲ್ಲಿಯೇ.

ಆ ಖುಷಿಯಲ್ಲೇ ಕತ್ತೆತ್ತಿ ಚಾವಣಿಯ ಕೆತ್ತನೆಗೆ 3ಎಕ್ಸ್ ಜೂಮ್ ಹಾಕಿದೆ. ಫೋಟೊ ಯಾಕೋ ಬಣ್ಣ ಬಳಿದ ಹಾಗೆ ಮೆತ್ತಗಿತ್ತು. ಅನುಮಾನ ಬಂತು. ಜೂಮ್ ಲೆನ್ಸಿನ ಮೇಲೆ ಬೆರಳಿಟ್ಟು ಮುಚ್ಚಿದೆ. ಸ್ಕ್ರೀನ್ ಕಪ್ಪಾಗಬೇಕಿತ್ತು. ಆಗಲೇ ಇಲ್ಲ! ಬೆಳಕು ಕಡಿಮೆಯಾದಾಗ ಫೋನು ಸುಮ್ನೆ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ, ಜೂಮ್ ಅಂತ ಕೊಡುತ್ತದೆ. ಜೂಮ್ ಲೆನ್ಸಿನ ಸೆನ್ಸರ್ ಚಿಕ್ಕದು, ಕತ್ತಲಲ್ಲಿ ಅದಕ್ಕೆ ಕಣ್ಣು ಮಂಜು. ಅದಕ್ಕೇ ಈ ಉಪಾಯ. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗನಿಗೂ ತೋರಿಸಿದೆ. ಅವನೂ ತನ್ನ ಫೋನಿಗೆ ಬೆರಳಿಟ್ಟು ನೋಡಿ, "ನಂದೂ ಹಂಗೇ ಐತ್ರೀ" ಅಂತ ನಕ್ಕ. ನೀವೂ ಒಮ್ಮೆ ರಾತ್ರಿ ಮನೆಯಲ್ಲಿ ಬೆರಳಿಟ್ಟು ನೋಡಿ.

ಕೆಳಗಿಳಿದು ಕೆರೆಯ ದಂಡೆಗೆ ಬಂದೆ. ಹೆಂಗಸರು ಮೆಟ್ಟಿಲ ಮೇಲೆ ಬಟ್ಟೆ ಸೆಣೆಯುತ್ತಿದ್ದರು, ಹುಡುಗರು ನೀರಿಗೆ ಹಾರುತ್ತಿದ್ದರು. ಹಾರುವ ಹುಡುಗನನ್ನು ಹಿಡಿಯಲು ಏಳು ಸಲ ನೋಡಿದೆ. ಆರು ಸಲ ಬರೀ ನೀರು ಚಿಮ್ಮಿದ್ದು ಬಂತು, ಒಂದರಲ್ಲಿ ಹುಡುಗ ಬಂದ, ಕಾಲು ಅಲುಗಿ ಹೊಗೆಯಾಗಿತ್ತು. ಒತ್ತುವುದಕ್ಕೂ ಫೋಟೊ ಆಗುವುದಕ್ಕೂ ನಡುವೆ ಒಂದು ಗುಟುಕಿನಷ್ಟು ತಡ. ಓಐಎಸ್ ಇದೆಯಲ್ಲ ಅಂತ ಅಂದುಕೊಂಡಿದ್ದೆ. ಅದು ನನ್ನ ಕೈಯ ನಡುಕವನ್ನು ತಡೆಯುತ್ತದೆ, ಹುಡುಗನ ಜಿಗಿತವನ್ನಲ್ಲ. ಮನೆಯಲ್ಲಿ ಓಡಾಡುವ ಚಿಕ್ಕ ಮಕ್ಕಳಿದ್ದವರು ಮೆಗಾಪಿಕ್ಸೆಲ್ ಎಣಿಸುವ ಬದಲು ಅಂಗಡಿಯಲ್ಲೇ ಇದನ್ನು ನೋಡಿಕೊಳ್ಳಬೇಕು. ಅಂದ ಹಾಗೆ ಆ 50 ಮೆಗಾಪಿಕ್ಸೆಲ್ ಕೂಡ ಮಾಮೂಲಿಗೆ ಸಿಗೋದಿಲ್ಲ. ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ ಹನ್ನೆರಡೂವರೆಯ ಚಿತ್ರ ಕೊಡುತ್ತದೆ. ಅದೇ ಒಳ್ಳೇದು, ಬೆಳಕು ಜಾಸ್ತಿ ಸಿಗುತ್ತದೆ.

ಕೆರೆಯ ಈಶಾನ್ಯದ ಕಡೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು ಕ್ರಿ.ಶ. 700ರದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿಂದಲೇ. ನಮ್ಮ ತ್ರಿಪದಿಯ ಅತಿ ಹಳೆಯ ಗುರುತು. ದೂರದಿಂದ 3ಎಕ್ಸ್‌ನಲ್ಲಿ ತೆಗೆದೆ. ಬಿಸಿಲಿತ್ತು, ಈ ಸಲ ಲೆನ್ಸು ನಿಜವಾಗಿ ಕೆಲಸ ಮಾಡಿತು, ಅಕ್ಷರಗಳು ಚೆನ್ನಾಗಿ ಬಂದವು. ಆಸೆ ತಡೆಯದೆ 20ಎಕ್ಸ್‌ಗೆ ಎಳೆದೆ. ಒಂದು ಕ್ಷಣ ಮಸುಕಾಗಿ ಕಂಡದ್ದು ಗ್ಯಾಲರಿಯಲ್ಲಿ ತೆರೆದಾಗ ಜಗ್ ಅಂತ ಚೂಪಾಯಿತು. ನನಗೆ ಹಳಗನ್ನಡ ಲಿಪಿ ಅಷ್ಟಾಗಿ ಬರೋದಿಲ್ಲ. ಆದರೂ ಎರಡೂ ಫೋಟೊ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಕ್ಷರಕ್ಕೆ ಕಲ್ಲಿನಲ್ಲಿ ಇಲ್ಲದ ಬಾಲ ಬಂದಿತ್ತು. ಇನ್ನೊಂದರ ಹೊಟ್ಟೆ ಮುಚ್ಚಿಹೋಗಿತ್ತು. ಕಾಣದ ಕಡೆ ಫೋನು ಊಹೆ ಮಾಡಿ ಗೆರೆ ಎಳೆದಿತ್ತು. ಸಾವಿರದ ಮುನ್ನೂರು ವರ್ಷ ಮಳೆ ಗಾಳಿಗೆ ಅಳಿಯದ ಶಾಸನವನ್ನು ನನ್ನ ಫೋನು ಅರೆ ಸೆಕೆಂಡಿನಲ್ಲಿ ತಿದ್ದಿತ್ತು. ಔಷಧಿ ಚೀಟಿ, ಬೋರ್ಡು, ಪಹಣಿ ಪತ್ರ ಇಂಥದ್ದನ್ನೆಲ್ಲ ದೂರದಿಂದ ಜೂಮ್ ಮಾಡಿ ತೆಗೆಯುವವರು ಹುಷಾರು. ಎರಡು ಹೆಜ್ಜೆ ಹತ್ತಿರ ಹೋಗಿ ತೆಗೆಯಿರಿ.

ಸಂಜೆ ಭೂತನಾಥ ದೇವಸ್ಥಾನದ ಎದುರು ಕೂತೆ. ಸೂರ್ಯ ಮುಳುಗಿ ಕತ್ತಲಾದ ಮೇಲೆ ನೈಟ್ ಮೋಡ್. ಸ್ಮಾರಕಗಳ ಬಳಿ ಟ್ರೈಪಾಡ್ ಇಡಲು ಅನುಮತಿ ಬೇಕು, ಅದಕ್ಕೇ ಫೋನನ್ನು ಕಲ್ಲಿನ ಕಟ್ಟೆಗೆ ಒರಗಿಸಿ ಉಸಿರು ಬಿಗಿಹಿಡಿದೆ. ಗೋಪುರ, ನೀರಿನಲ್ಲಿ ಅದರ ನೆರಳು, ಹಿಂದಿನ ಬಂಡೆ, ಎಲ್ಲ ಬಂತು. ತುಂಬ ಚೆನ್ನಾಗಿಯೇ ಬಂತು. ಆದರೆ ಆಕಾಶ ಮಾತ್ರ ಬೆಳಗಿನ ಆರು ಗಂಟೆಯದ್ದು. ಅಲ್ಲಿ ಅಷ್ಟು ಬೆಳಕು ಇರಲೇ ಇಲ್ಲ. ಅಗಲ ಲೆನ್ಸಿನಲ್ಲಿ ಅದೇ ಜಾಗ ತೆಗೆದರೆ ಬಂಡೆಯೆಲ್ಲ ಕಲಸಿದ ಹಿಟ್ಟು. ರಾತ್ರಿ ಹೊತ್ತು ಆ ಲೆನ್ಸನ್ನು ಮರೆತುಬಿಡಬಹುದು.

ಮರುದಿನ ಬನಶಂಕರಿ. ಜಾತ್ರೆ ಮುಗಿದು ತಿಂಗಳಾಗಿತ್ತು, ಜನ ಕಡಿಮೆ. ಹೊಂಡದ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತ ಅವ್ವನ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು. ಫೋನು ತಾನಾಗಿಯೇ "ಊಟ" ಅಂತ ಗುರುತಿಸಿ ಖಾರಕ್ಕೆ ಟೊಮೆಟೊ ಸಾಸಿನ ಬಣ್ಣ ಕೊಟ್ಟಿತು. ದುಡ್ಡು ಕೊಡುವಾಗ ಅವ್ವ ಸೆರಗಿನಡಿಯಿಂದ ಮುದುಡಿದ ಕ್ಯೂಆರ್ ಕಾರ್ಡ್ ತೆಗೆದರು. ಅರ್ಧ ಮಾಸಿಹೋಗಿದ್ದ ಅದನ್ನು ಸುಡುಬಿಸಿಲಿನಲ್ಲಿ ಫೋನು ಥಟ್ಟನೆ ಓದಿತು. ಸ್ಕ್ರೀನೂ ಬಿಸಿಲಿಗೆ ಚೆನ್ನಾಗಿ ಕಾಣುತ್ತಿತ್ತು. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಇದು, ನೂರಕ್ಕೆ ನೂರು ಕೊಟ್ಟೆ.

ಪಟ್ಟದಕಲ್ಲಿನಲ್ಲಿ ಇಡೀ ಮಧ್ಯಾಹ್ನ ಕಳೆದೆ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ, 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿ ಉಳಿದಿದೆ. ಇಡೀ ಗುಡಿಯನ್ನು ಒಂದೇ ಫೋಟೊದಲ್ಲಿ ಹಿಡಿಯಲು ಅಗಲ ಲೆನ್ಸು ಬೇಕೇ ಬೇಕು, ಹಗಲಲ್ಲಿ ಅದು ಪರವಾಗಿಲ್ಲ. ಅಂಚಿನ ಕಂಬಗಳು ಮಾತ್ರ ಗಾಳಿಗೆ ವಾಲಿದ ಹಾಗೆ. ಗುಂಡಾಚಾರಿ ನೋಡಿದ್ದರೆ ಬೈಯುತ್ತಿದ್ದ. ಪೂರ್ವದ ಮುಖಮಂಟಪದ ಚಾವಣಿಯಲ್ಲಿ ಏಳು ಕುದುರೆಯ ರಥದ ಸೂರ್ಯನಿದ್ದಾನೆ. ಅಲ್ಲಿ ಹತ್ತು ನಿಮಿಷ 4ಕೆ ವಿಡಿಯೊ ಮಾಡಿದ್ದಕ್ಕೆ ಫೋನು ಇಸ್ತ್ರಿಪೆಟ್ಟಿಗೆಯಾಯಿತು, ಸ್ಕ್ರೀನಿನ ಬೆಳಕು ತಾನೇ ಕುಗ್ಗಿತು. ಮಲಪ್ರಭೆಯ ದಂಡೆಯ ನೆರಳಿನಲ್ಲಿ ಇಬ್ಬರೂ ತಣ್ಣಗಾದೆವು.

ಐಹೊಳೆಗೆ ಹೋದಾಗ ನಾಲ್ಕು ದಾಟಿತ್ತು. ದುರ್ಗ ಗುಡಿ ಸುತ್ತಿದೆ, ಗುಡ್ಡದ ಮೇಲಿನ ಮೇಗುತಿ ಬಸದಿಗೆ ಹತ್ತಿ, ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ಕವಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನಕ್ಕೆ ಕೈ ಮುಗಿದೆ. ಫೋಟೊ ತೆಗೆಯುವ ಉತ್ಸಾಹ ಇಳಿದಿತ್ತು. ಬ್ಯಾಟರಿ ಮಾತ್ರ ಇನ್ನೂ ಶೇಕಡಾ 31. ಬೆಳಿಗ್ಗೆ ಏಳರಿಂದ ಮ್ಯಾಪು, ಫೋಟೊ, ವಿಡಿಯೊ, ಮನೆಗೆ ಎರಡು ಕಾಲ್ ಎಲ್ಲ ಮಾಡಿ ಇಷ್ಟು ಉಳಿದರೆ ಸಾಕಲ್ವಾ?

ರಾತ್ರಿ ಗುಳೇದಗುಡ್ಡ ಸೇರಿದೆ. ಊಟದ ಮೇಲೆ ಕಾಕುವಿನ ಫೋಟೊ ತೆಗೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಇದು ನಾನಲ್ಲೋ ತಮ್ಮಾ. ಯಾರ ಮುಖ ಹಚ್ಚೀದಿ?"

ನಿಜ. ಗಲ್ಲದ ಸುಕ್ಕು ಹೋಗಿತ್ತು, ಬಣ್ಣ ಎರಡು ಪಟ್ಟು ಬೆಳ್ಳಗಾಗಿತ್ತು, ಮೂಗಿನ ಪಕ್ಕದ ನರೂಲಿ ಮಾಯ. ಬ್ಯೂಟಿ ಅನ್ನೋದು ಕಂಪನಿಯಿಂದಲೇ ಆನ್ ಆಗಿ ಬಂದಿತ್ತು. ಹುಡುಕಿ ಅದನ್ನು ಆರಿಸಿದೆ, ಎಐ ದೃಶ್ಯ ಅನ್ನೋದನ್ನೂ ಆರಿಸಿದೆ, ಬಣ್ಣವನ್ನು ಸಹಜಕ್ಕೆ ಇಟ್ಟೆ. ಬೆಂಗಳೂರಿನಲ್ಲೇ ಮಾಡಬೇಕಿದ್ದ ಕೆಲಸ. ಮತ್ತೆ ತೆಗೆದ ಫೋಟೊದಲ್ಲಿ ಕಾಕು ವಾಪಸ್ ಬಂದರು. ಸೊಸೆಗೆ ಮಾತ್ರ ಮೊದಲಿನದ್ದೇ ಇಷ್ಟವಾಯಿತು.

ಬೆಳಿಗ್ಗೆ ಕಾಕಾ ಮಗ್ಗದಿಂದ ಆಗಷ್ಟೇ ಇಳಿಸಿದ ಖಣ ತಂದರು. ಸೂಜಿಮಲ್ಲಿಗೆ ಬುಟ್ಟಾ, ಕುಂಕುಮದ ಕೆಂಪು, ಹಸಿರು ಅಂಚು. ಊರೂರಿನ ವ್ಯಾಪಾರಿಗಳಿಗೆ ಅವರು ವಾಟ್ಸಾಪಿನಲ್ಲೇ ಮಾದರಿ ಕಳಿಸೋದು. ಫೋಟೊದ ಬಣ್ಣ ಒಂದು, ಬಟ್ಟೆಯ ಬಣ್ಣ ಇನ್ನೊಂದಾದರೆ ಮಾಲು ವಾಪಸ್.

"ನಿನ್ನ ದೊಡ್ಡ ಕ್ಯಾಮೆರಾದಾಗ ಒಂದು ತಗಿ ನೋಡೂಣು."

ಟ್ಯೂಬ್‌ಲೈಟಿನ ಕೆಳಗೆ ತೆಗೆದೆ. ಕುಂಕುಮ ಹೋಗಿ ಗುಲಾಬಿ ಬಂತು. ಸಣ್ಣ ನೇಯ್ಗೆಯ ಮೇಲೆ ಬಟ್ಟೆಯಲ್ಲಿ ಇಲ್ಲದ ಅಲೆ ಅಲೆ ಪಟ್ಟಿಗಳು. ಹೊರಗೆ ಕಟ್ಟೆಯ ನೆರಳಿಗೆ ಬಂದು, ಸ್ವಲ್ಪ ಹಿಂದೆ ಸರಿದು ತೆಗೆದಾಗ ಪಟ್ಟಿಗಳು ಹೋದವು, ಬಣ್ಣ ಹತ್ತಿರ ಬಂತು. ಎಳೆ ಎಳೆ ಕಾಣುತ್ತಿತ್ತು. ಸುಮ್ನೆ ಇರಲಿ ಅಂತ ಹಳೇ ಫೋನಿನಲ್ಲೂ ಒಂದು ತೆಗೆದೆ.

ಕಾಕಾ ಎರಡೂ ಫೋನುಗಳನ್ನು ತೊಡೆಯ ಮೇಲಿಟ್ಟುಕೊಂಡು, ನಡುವೆ ಖಣ ಹಾಸಿ ಬಹಳ ಹೊತ್ತು ನೋಡಿದರು. ಎಳೆ ಎಣಿಸಲು ಹೊಸದು, ಬಣ್ಣಕ್ಕೆ ಹಳೇದು ಅಂದರು. ಆಮೇಲೆ ಹಳೇದನ್ನು ಕೈಯಲ್ಲಿ ತೂಗಿದರು.

"ಇದನ್ನೇನು ಮಾಡಾಂವ ಇದ್ದಿ?"

"ಬ್ಯಾಟರಿ ನಿಲ್ಲೂದಿಲ್ಲ ಕಾಕಾ. ಮಧ್ಯಾಹ್ನಕ್ಕೇ ಆರ್ತದ."

"ಆರ್ಲಿ ತಗೋ. ಮಗ್ಗದ ಬಾಜೂಕ ಪ್ಲಗ್ ಐತಿ."

ಸಿಮ್ ತೆಗೆದೇ ಇಟ್ಟಿದ್ದೆ. ನನ್ನ ಫೋಟೊಗಳನ್ನು ಅಳಿಸಿ, ಚಾರ್ಜರ್ ಸಮೇತ ಕೊಟ್ಟು ಬಂದೆ.