ಮೂರನೇ ಹಂತದ ಫುಟ್‌ಬಾಲ್

ನಾರ್ವೆಯ ಫುಟ್‌ಬಾಲ್ ಲೀಗ್‌ಗಳಲ್ಲಿ ‘ಎರಡನೇ ಡಿವಿಷನ್’ ಎಂದು ಕರೆಯಲಾಗುವುದು ವಾಸ್ತವದಲ್ಲಿ ಮೂರನೇ ಹಂತ. 2017ರಿಂದ ಇಲ್ಲಿ ತಲಾ 14 ತಂಡಗಳ ಎರಡು ಗುಂಪುಗಳಿದ್ದು, ಪ್ರತಿ ತಂಡವೂ 26 ಪಂದ್ಯಗಳನ್ನು ಆಡುತ್ತದೆ. ಚಳಿಗಾಲ ಕಠಿಣವಾಗಿರುವುದರಿಂದ ಲೀಗ್‌ನ ಋತು ವಸಂತದಲ್ಲಿ ಆರಂಭವಾಗಿ ಶರತ್ಕಾಲದಲ್ಲಿ ಮುಗಿಯುತ್ತದೆ.

ಈ ವರ್ಷ ದೇಶದ ಉತ್ತರ ತುದಿಯ ಊರಾದ ಟ್ರಾಮ್ಸೊದಲ್ಲಿ ಮೊದಲ ಪಂದ್ಯ ನೋಡಲು ಹೋದಾಗ ಕೃತಕ ಹುಲ್ಲಿನ ಅಂಚಿನಲ್ಲಿ ಸರಿಸಿಟ್ಟ ಹಿಮ ನನ್ನ ಸೊಂಟದೆತ್ತರಕ್ಕೆ ನಿಂತಿತ್ತು; ಚೆಂಡು ಅದರೊಳಗೆ ಹೂತುಹೋದಾಗಲೆಲ್ಲ ಒಬ್ಬ ಹುಡುಗ ಬರಿಗೈಯಲ್ಲಿ ಅಗೆದು ತೆಗೆದು, ಜಾಕೆಟ್ಟಿಗೆ ಒರೆಸಿ, ಆಟಗಾರರಿಗೆ ಎಸೆಯುತ್ತಿದ್ದ. ಜೂನ್ ಹೊತ್ತಿಗೆ ಅದೇ ಅಂಗಳದಲ್ಲಿ ಸೂರ್ಯ ಮುಳುಗುವುದೇ ಇಲ್ಲ.

ಈ ಹಂತದಲ್ಲಿ ಅನೇಕ ಆಟಗಾರರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ಆಲ್ಟಾದಂತಹ ಉತ್ತರದ ಊರಿನ ತಂಡವು ದಕ್ಷಿಣದಲ್ಲಿ ತೊಂಬತ್ತು ನಿಮಿಷ ಆಡುವುದಕ್ಕಾಗಿ ವಿಮಾನ ಹತ್ತಬೇಕು, ಸೋತರೂ ಅಷ್ಟೇ ದೂರ ಮರಳಬೇಕು. ಅವರ ಈ ಶ್ರದ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ. 2017ರಲ್ಲಿ ಇದಕ್ಕಿಂತ ಒಂದೇ ಮೆಟ್ಟಿಲು ಮೇಲಿದ್ದ ಬೋಡೊ/ಗ್ಲಿಮ್ಟ್ ತಂಡ, 2020ರಲ್ಲಿ ದೇಶದ ಚಾಂಪಿಯನ್ ಆಯಿತು.

ನಿನ್ನೆ ಋತುವಿನ ಕೊನೆಯ ಪಂದ್ಯ. ಆಟ ಮುಗಿದ ಮೇಲೂ ಆ ಹುಡುಗ ಗೋಲಿನ ಹಿಂದೆ ಚೆಂಡುಗಳನ್ನು ಎಣಿಸುತ್ತ ನಿಂತಿದ್ದ.