ಬಿಸಿ ಏರಿಸಿದರೆ ಪ್ರೊಪಿಲೀನ್ ಜಾಸ್ತಿ ಬರುತ್ತೆ ಅಲ್ವಾ?

ರಿಫೈನರಿ ಕೆಲಸದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ: "ಪ್ಲಾಸ್ಟಿಕ್‌ಗೆ ಬೇಕಾದ ಪ್ರೊಪಿಲೀನ್ ಜಾಸ್ತಿ ಬೇಕು ಅಂದ್ರೆ, ಎಫ್‌ಸಿಸಿ ಯೂನಿಟ್‌ನ ಬಿಸಿ ಏರಿಸಿದರೆ ಆಯ್ತಲ್ವಾ?"

ಎಫ್‌ಸಿಸಿ ಅಂದರೆ ಭಾರವಾದ ಎಣ್ಣೆಯನ್ನು ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಬಳಸಿ ಒಡೆದು ಪೆಟ್ರೋಲ್, ಗ್ಯಾಸ್ ಮಾಡುವ ಯೂನಿಟ್. ಬಿಸಿ ಏರಿಸಬಹುದು, ಆದರೆ ಒಂದು ಮಟ್ಟದವರೆಗೆ. ಅದನ್ನು ದಾಟಿದರೆ ಕ್ಯಾಟಲಿಸ್ಟ್‌ನ ಹಿಡಿತ ತಪ್ಪುತ್ತದೆ. ಬರೀ ಶಾಖಕ್ಕೇ ಅಣುಗಳು ಒಡೆದು ಮೀಥೇನ್, ಈಥೇನ್ ಹೆಚ್ಚುತ್ತವೆ. ನನ್ನ ಉತ್ತರ ಬೇರೆ. ಒಲೆಫಿನ್ (ಪ್ರೊಪಿಲೀನ್‌ನಂಥ, ಜೋಡಿ ಬಂಧವಿರುವ ಅಣು) ಹುಟ್ಟಿಸುವುದು ಕಷ್ಟವಲ್ಲ, ಹುಟ್ಟಿದ್ದನ್ನು ಉಳಿಸಿಕೊಳ್ಳುವುದು ಕಷ್ಟ.

ಎಣ್ಣೆ ಒಡೆಯುವ ನೆಟ್ಟನೆಯ ಕೊಳವೆ, ಅಂದರೆ ರೈಸರ್ ಒಳಗೆ ಏನಾಗುತ್ತದೆ ನೋಡಿ. ಸುಮಾರು 700 ಡಿಗ್ರಿ ಕಾದ ಕ್ಯಾಟಲಿಸ್ಟ್ ಪುಡಿಗೆ ಭಾರವಾದ ಎಣ್ಣೆ ಸಿಂಪಡಿಸುತ್ತಾರೆ. ಎಣ್ಣೆ ಆವಿಯಾಗಿ, ಪುಡಿಯನ್ನೂ ಹೊತ್ತುಕೊಂಡು ಮೇಲೇರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಆ ಪುಡಿಯನ್ನು ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ನೀರಿನ ಹಾಗೆ ಜಾರುತ್ತದೆ. ಒಂದೊಂದು ಕಣ ಸುಮಾರು 70 ಮೈಕ್ರಾನ್. ಹೊಸದು ಬಿಳಿ, ರೈಸರ್ ದಾಟಿ ಬಂದದ್ದು ಕೋಕ್ (ಇಂಗಾಲದ ಮಸಿ) ಹಿಡಿದು ಕಪ್ಪು.

1942ರಲ್ಲಿ ಮೊದಲ ಯೂನಿಟ್ ಶುರುವಾದಾಗಿನಿಂದ ಇದರ ಮುಖ್ಯ ಗುರಿ ಪೆಟ್ರೋಲ್. ಹಾಗಾಗಿ ಸಾಮಾನ್ಯ ಯೂನಿಟ್‌ನಲ್ಲಿ ಪ್ರೊಪಿಲೀನ್ ಫೀಡ್‌ನ (ಒಳಗೆ ಹಾಕುವ ಎಣ್ಣೆಯ) ತೂಕದಲ್ಲಿ 4ರಿಂದ 6 ಶೇಕಡಾ ಅಷ್ಟೇ. ಅದನ್ನು ಹೆಚ್ಚಿಸಲು ZSM-5 ಎಂಬ ಜಿಯೋಲೈಟ್ (ಅತಿ ಸಣ್ಣ ರಂಧ್ರಗಳಿರುವ ಹರಳು) ಅಡಿಟಿವ್ ಆಗಿ ಬೆರೆಸುತ್ತಾರೆ. ಮುಖ್ಯ ಕ್ಯಾಟಲಿಸ್ಟ್‌ನಲ್ಲಿರುವ ವೈ ಜಿಯೋಲೈಟ್‌ನ ರಂಧ್ರ 0.74 ನ್ಯಾನೋಮೀಟರ್, ZSM-5ದು ಸುಮಾರು 0.55. ದೊಡ್ಡ ಅಣುಗಳು ಒಳಗೆ ಹೋಗಲಾರವು. ಪೆಟ್ರೋಲ್ ಭಾಗದಲ್ಲಿರುವ, ನೇರ ಸರಪಳಿಯ ಒಲೆಫಿನ್‌ಗಳು ನುಗ್ಗಿ, ಒಡೆದು, ಪ್ರೊಪಿಲೀನ್ ಮತ್ತು ಬ್ಯುಟಿಲೀನ್ ಆಗಿ ಹೊರಬರುತ್ತವೆ.

ಅಂದರೆ ZSM-5ಗೆ ಮೇವು ಪೆಟ್ರೋಲ್‌ನ ಒಲೆಫಿನ್. ಇಲ್ಲೇ ತುಂಬ ಜನ ಎಡವುತ್ತಾರೆ. ವೈ ಜಿಯೋಲೈಟ್‌ನಲ್ಲಿ ರೇರ್ ಅರ್ತ್ (ಲ್ಯಾಂಥನಂನಂಥ ಲೋಹಗಳು) ಜಾಸ್ತಿ ಇದ್ದರೆ ಹೈಡ್ರೋಜನ್ ವರ್ಗಾವಣೆ ಜೋರಾಗುತ್ತದೆ. ಒಂದು ಒಲೆಫಿನ್ ಅಣು ಇನ್ನೊಂದು ಅಣುವಿನಿಂದ ಹೈಡ್ರೋಜನ್ ಕಸಿದುಕೊಂಡು, ಜೋಡಿ ಬಂಧ ಕಳೆದುಕೊಂಡು ಪ್ಯಾರಫಿನ್ ಆಗಿಬಿಡುತ್ತದೆ. ಪ್ಯಾರಫಿನ್ ಆದ ಮೇಲೆ ಅದು ZSM-5ನ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಮೇವೇ ಇಲ್ಲದ ಕಡೆ ಎಷ್ಟು ಅಡಿಟಿವ್ ಸುರಿದರೂ ಸುಮ್ನೆ ದುಡ್ಡು ದಂಡ. ಅದಕ್ಕೇ ನಾನು ಮೊದಲು ರೇರ್ ಅರ್ತ್ ಇಳಿಸಿ ಎನ್ನುತ್ತೇನೆ. ಆಮೇಲೆ ಹಬೆ ಹೆಚ್ಚಿಸಿ. ಹಬೆ ಎಣ್ಣೆಯ ಆವಿಯನ್ನು ತೆಳುವಾಗಿಸುತ್ತದೆ, ಅಣುಗಳು ಒಂದಕ್ಕೊಂದು ಎದುರಾಗುವುದು ಕಡಿಮೆಯಾಗುತ್ತದೆ, ಕಸಿದಾಟವೂ ತಗ್ಗುತ್ತದೆ.

ಇದಕ್ಕೆ ಬೆಲೆ ಇದೆ. ಪೆಟ್ರೋಲ್ ಪ್ರಮಾಣ ಇಳಿಯುತ್ತದೆ, ಆಕ್ಟೇನ್ ಮಾತ್ರ ಏರುತ್ತದೆ. ಅಡಿಟಿವ್ ಅತಿಯಾದರೆ ಮುಖ್ಯ ಕ್ಯಾಟಲಿಸ್ಟೇ ತೆಳುವಾಗಿ ಭಾರದ ಎಣ್ಣೆ ಒಡೆಯುವುದು ಕುಂಠಿತವಾಗುತ್ತದೆ. ಗ್ಯಾಸ್ ಹೆಚ್ಚಿದಂತೆ ಅದನ್ನೆಲ್ಲ ಎಳೆದುಕೊಳ್ಳಬೇಕಾದ ವೆಟ್ ಗ್ಯಾಸ್ ಕಂಪ್ರೆಸರ್ ಏದುಸಿರು ಬಿಡುತ್ತದೆ. ಪ್ರೊಪಿಲೀನ್ ಹೆಚ್ಚಿಸಬೇಕು ಎಂದು ಯಾರೇ ಬಂದರೂ, ಕ್ಯಾಟಲಿಸ್ಟ್ ಮಾತು ಎತ್ತುವ ಮೊದಲು ನಾನು ಕೇಳುವುದು ಅದನ್ನೇ: ನಿಮ್ಮ ಕಂಪ್ರೆಸರ್‌ನಲ್ಲಿ ಇನ್ನೆಷ್ಟು ಜಾಗ ಉಳಿದಿದೆ?